ಗುಂಡನ ತುರಿಕೆಗೆ ಊಟ ಹುಡುಕಿದ್ದು

ನಾಯಿ ಮೈ ಕೆರೆದುಕೊಳ್ಳುತ್ತದೆ ಅಂದರೆ ಸಾಕು, "ಫುಡ್ ಚೇಂಜ್ ಮಾಡಿ ನೋಡಿ" ಅನ್ನುವವರು ಹತ್ತು ಜನ ಸಿಗುತ್ತಾರೆ. ಯಾವುದಕ್ಕೆ ಬದಲಾಯಿಸಬೇಕು ಅಂತ ಕೇಳಿದರೆ ಅವರವರ ನಾಯಿ ತಿನ್ನುವ ಬ್ರ್ಯಾಂಡಿನ ಹೆಸರು ಹೇಳುತ್ತಾರೆ. ಅವರ ನಾಯಿಗೆ ಒಗ್ಗಿದ್ದು ನಮ್ಮ ನಾಯಿಗೂ ಒಗ್ಗಬೇಕೆಂದೇನೂ ಇಲ್ಲ. ಊಟದ ಅಲರ್ಜಿ ಇರುವ ನಾಯಿಗೆ ತೊಂದರೆ ಕೊಡುವುದು ಸಾಮಾನ್ಯವಾಗಿ ಅದು ಮೊದಲಿಂದಲೂ ತಿನ್ನುತ್ತಾ ಬಂದ ಯಾವುದೋ ಒಂದು ಪ್ರೋಟೀನ್. ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಾನು ಒಂದು ಪಟ್ಟಿ ಬರೆದೆ. ಗುಂಡ ಹುಟ್ಟಿದಾಗಿನಿಂದ ಏನೇನು ತಿಂದಿದ್ದಾನೆ ಅಂತ.

ಗುಂಡ ನಮ್ಮ ಲ್ಯಾಬ್ರಡಾರ್. ನಾವಿರುವುದು ಮಂಗಳೂರಿನಲ್ಲಿ. ಮುಂಗಾಲಿನ ಬೆರಳ ಸಂದಿ ನೆಕ್ಕುವುದು, ಹೊಟ್ಟೆಯ ಅಡಿ ಕೆಂಪಗಾಗುವುದು, ತಲೆ ಕೊಡವುವುದು, ಹಿಂಭಾಗವನ್ನು ನೆಲಕ್ಕೆ ಉಜ್ಜುವುದು, ಎಲ್ಲಾ ಇತ್ತು. ಕಿವಿಯಿಂದ ಹುಳಿ ಬಂದ ಹಿಟ್ಟಿನ ಹಾಗೆ ವಾಸನೆ. ಔಷಧ ಹಾಕಿದರೆ ವಾಸಿ, ಬಿಟ್ಟರೆ ಮತ್ತೆ ಶುರು. ಬೇಸಿಗೆ, ಮಳೆಗಾಲ ಅಂತ ಭೇದವಿಲ್ಲ. ವರ್ಷವಿಡೀ ತುರಿಕೆ, ಪದೇ ಪದೇ ಕಿವಿ ಸೋಂಕು, ಜೊತೆಗೆ ಆಗಾಗ ಸಡಿಲ ಮಲ ಇದ್ದರೆ ಊಟದ ಮೇಲೆ ಅನುಮಾನ ಪಡಬಹುದು ಅಂದರು ಡಾಕ್ಟ್ರು.

ಆದರೆ ತಕ್ಷಣ ಊಟಕ್ಕೆ ಕೈ ಹಾಕಲು ಅವರು ಬಿಡಲಿಲ್ಲ. ನಾಯಿಗಳ ತುರಿಕೆಗೆ ಊಟಕ್ಕಿಂತ ಚಿಗಟ, ಮನೆಯ ಧೂಳಿನ ನುಸಿ, ಪರಾಗ ಇವೇ ಹೆಚ್ಚಿನ ಸಲ ಕಾರಣ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು. ನಮ್ಮ ಕಣ್ಣಿಗೆ ಒಂದೂ ಕಾಣದಿರಬಹುದು. ಹಾಗಾಗಿ ಮೊದಲು ಚಿಗಟ ಮತ್ತು ಉಣ್ಣಿಗೆ ಮಾತ್ರೆ. ಆಮೇಲೆ ಚರ್ಮ ಕೆರೆದು ಕಜ್ಜಿ ಹುಳುವಿಗಾಗಿ ಪರೀಕ್ಷೆ. ಕಿವಿಯ ಕೊಳೆಯನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಲಸೇಜಿಯಾ ಅನ್ನುವ ಯೀಸ್ಟ್ ತುಂಬಾ ಇತ್ತು. ನಮ್ಮ ಕರಾವಳಿಯ ಸೆಕೆಗೆ ಅದು ಚೆನ್ನಾಗಿ ಬೆಳೆಯುತ್ತದೆ. ಈ ಯೀಸ್ಟಿನಿಂದಲೂ ತುರಿಕೆ ಬರುತ್ತದೆ. ಅದನ್ನು ಇಳಿಸದೆ ಊಟ ಬದಲಿಸಿದರೆ ಊಟ ಸರಿಯಿದ್ದರೂ ತುರಿಕೆ ನಿಲ್ಲುವುದಿಲ್ಲ. ಅದಕ್ಕೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕ ಇರುವ ಶಾಂಪೂ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುವುದು. ಆ ಹತ್ತು ನಿಮಿಷ ಒದ್ದೆ ಲ್ಯಾಬ್ರಡಾರನ್ನು ಬಚ್ಚಲಲ್ಲಿ ಹಿಡಿದಿಟ್ಟುಕೊಳ್ಳುವುದಿದೆಯಲ್ಲ, ಅದಕ್ಕೆ ಇಬ್ಬರು ಬೇಕು.

ರಕ್ತ ಪರೀಕ್ಷೆಯಲ್ಲೇ ಗೊತ್ತಾಗುವುದಿಲ್ಲವಾ ಅಂತ ನಾನೂ ಕೇಳಿದೆ. ನಾಯಿಗಳ ಊಟದ ಅಲರ್ಜಿಗೆ ರಕ್ತ, ಎಂಜಲು, ಕೂದಲಿನ ಪರೀಕ್ಷೆಗಳನ್ನು ನಂಬುವ ಹಾಗಿಲ್ಲ. ಆರೋಗ್ಯವಾಗಿರುವ ನಾಯಿಗೂ "ಪಾಸಿಟಿವ್" ಬರುತ್ತದೆ. ಸರಿಯಾದ ದಾರಿ ಒಂದೇ. ಹಳೆಯದನ್ನೆಲ್ಲಾ ನಿಲ್ಲಿಸಿ, ಎಂದೂ ತಿನ್ನದ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟ ಮಾತ್ರ ಕೊಟ್ಟು ಕಾಯುವುದು. 5 ವಾರದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ನಾಯಿಗಳಲ್ಲಿ, 8 ವಾರದಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ವ್ಯತ್ಯಾಸ ಕಾಣುತ್ತದೆ, ಅಂದರೆ ನಿಜವಾಗಿ ಊಟದ ಅಲರ್ಜಿ ಇರುವ ನಾಯಿಗಳಲ್ಲಿ. ಹತ್ತು ದಿನ ಕೊಟ್ಟು "ಏನೂ ಆಗಲಿಲ್ಲ" ಅಂತ ಇನ್ನೊಂದು ಚೀಲ ತರುವುದು ದುಡ್ಡು ದಂಡ.

ಈಗ ಗುಂಡನ ಪಟ್ಟಿ. ಕೋಳಿ ಇರುವ ಒಣ ಆಹಾರ, ಮನೆಯ ಕೋಳಿ ಸಾರಿನ ಮೂಳೆ ತೆಗೆದ ಚೂರು, ಮೊಟ್ಟೆ, ಹಾಲು, ಮೊಸರನ್ನ, ಕುಚ್ಚಲಕ್ಕಿ ಅನ್ನ, ಗೋಧಿ ಬಿಸ್ಕತ್ತು, ಚಪಾತಿ. ಮೀನಂತೂ ಇದ್ದೇ ಇತ್ತು. ಮಂಗಳೂರಿನ ನಾಯಿಗೆ ಬೂತಾಯಿ, ಬಂಗುಡೆ ಹೊಸದಾಗಿರುವುದು ಹೇಗೆ? ಅದಕ್ಕೇ, "ಅಲರ್ಜಿ ನಾಯಿಗೆ ಮೀನು ಒಳ್ಳೆಯದು" ಅನ್ನುವ ಮಾತು ನಮಗೆ ಉಪಯೋಗಕ್ಕೆ ಬರಲಿಲ್ಲ. ಮೈಸೂರಲ್ಲೋ ಕಲಬುರಗಿಯಲ್ಲೋ ಇರುವ, ಮೀನಿನ ವಾಸನೆಯೇ ಗೊತ್ತಿಲ್ಲದ ನಾಯಿಗೆ ಅದು ಬರಬಹುದು.

2016ರಲ್ಲಿ ಪ್ರಕಟವಾದ ಒಂದು ಲೇಖನ ಊಟದ ಅಲರ್ಜಿ ಇದ್ದ 297 ನಾಯಿಗಳ ವಿವರ ಒಟ್ಟುಮಾಡಿತ್ತು. ಅವುಗಳಲ್ಲಿ ಎಷ್ಟು ನಾಯಿಗಳಿಗೆ ಯಾವುದು ಆಗುತ್ತಿರಲಿಲ್ಲ ಅಂದರೆ, ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13. ಜಾಸ್ತಿ ತಿನ್ನಿಸುವುದೇ ಜಾಸ್ತಿ ಸಿಕ್ಕಿಬೀಳುತ್ತದೆ ಅಂತ ನಾನು ಇದನ್ನು ಓದಿಕೊಂಡೆ. ನಮ್ಮ ಪಟ್ಟಿಯಲ್ಲಿ ಕೋಳಿ, ಹಾಲು, ಗೋಧಿ ಮೂರೂ ಇದ್ದವು. ಕೋಳಿ ಬಿಟ್ಟು ಬಾತುಕೋಳಿಗೆ ಹೋಗೋಣ ಅಂದರೆ ಅವು ಹತ್ತಿರದ ಸಂಬಂಧಿಗಳು. ಒಂದು ಆಗದಿದ್ದರೆ ಇನ್ನೊಂದೂ ಆಗದಿರಬಹುದು. ದನ, ಕುರಿ, ಆಡಿನದ್ದೂ ಅದೇ ಕಥೆ. ಮಟನ್ ಅವನು ಹಬ್ಬಕ್ಕೆ ತಿಂದೂ ಇದ್ದ.

ಉಳಿದದ್ದು ಎರಡು ದಾರಿ. ಒಂದು, ಡಾಕ್ಟ್ರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ತುಂಬಾ ಸಣ್ಣ ತುಂಡುಗಳಾಗಿ ಒಡೆದಿರುತ್ತಾರೆ. ಮೈಯ ರೋಗನಿರೋಧಕ ವ್ಯವಸ್ಥೆಗೆ ಅದರ ಗುರುತು ಸುಲಭಕ್ಕೆ ಹತ್ತುವುದಿಲ್ಲ. ಪೌಷ್ಟಿಕಾಂಶವೆಲ್ಲಾ ಲೆಕ್ಕ ಹಾಕಿ ಸೇರಿಸಿರುತ್ತದೆ. ಅಡುಗೆಗೆ ಸಮಯ ಇಲ್ಲದವರಿಗೆ, ಮನೆಯಲ್ಲಿ ಮಾಂಸ ಮಾಡದವರಿಗೆ ನಾನು ಇದನ್ನೇ ಹೇಳುತ್ತೇನೆ. ದುಬಾರಿ, ನಿಜ. ಆದರೆ ಮಾಂಸ ಬಿಡಿಸಿ ಮೊಸರನ್ನ, ಪನೀರ್ ಕೊಟ್ಟರೆ ಅಲರ್ಜಿ ಹೋಗುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಹಾಲೂ ಆ ಮೊದಲ ನಾಲ್ಕರಲ್ಲಿ ಒಂದು ಅಲ್ವಾ?

ಇನ್ನೊಂದು ದಾರಿ ಮನೆಯ ಅಡುಗೆ. ನಾನು ಹಂದಿ ಮಾಂಸ ಮತ್ತು ಸಿಹಿಗೆಣಸು ಆರಿಸಿದೆ. ಗುಂಡ ಎರಡನ್ನೂ ಎಂದೂ ತಿಂದಿರಲಿಲ್ಲ. ಹಂದಿ ಮಾಂಸದ ಅಂಗಡಿಗೆ ನಮ್ಮೂರಲ್ಲಿ ಬರವಿಲ್ಲ. ಬರ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ ಜಾಗಕ್ಕೆ. "ಮೀನು, ಕೋಳಿ ಏನು ಬೇಕಾದರೂ ಮಾಡು ಮಗಾ, ಅದೊಂದು ಒಳಗೆ ಬೇಡ" ಅಂದರು ಅಮ್ಮ. ಹಾಗಾಗಿ ಹಿತ್ತಿಲ ಒಲೆ, ಬೇರೆ ಪಾತ್ರೆ, ಬೇರೆ ಕತ್ತಿ. ಅದು ಪರೀಕ್ಷೆಗೆ ಒಳ್ಳೆಯದೇ ಆಯಿತು, ಕೋಳಿ ಸಾರಿನ ಸೌಟು ತಪ್ಪಿಯೂ ಬೀಳುವ ಭಯ ಇಲ್ಲ.

ಕೊಬ್ಬು ಕಡಿಮೆ ಇರುವ ಭಾಗವನ್ನೇ ಕೇಳಿ ತರುತ್ತಿದ್ದೆ. ಕಂಡ ಕೊಬ್ಬೆಲ್ಲಾ ಕತ್ತರಿಸಿ ಎಸೆಯಬೇಕು. ಒಮ್ಮೆಲೇ ಜಾಸ್ತಿ ಕೊಬ್ಬು ತಿಂದರೆ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಮಾಂಸ ಪೂರ್ತಿ ಬೇಯಬೇಕು, ಹಸಿಬಿಸಿ ಬೇಡವೇ ಬೇಡ. ಬೇಯಿಸಿದ ಮೂಳೆ ಇಲ್ಲ. ಉಪ್ಪು, ಮಸಾಲೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವೇ, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಳೆ ಊಟದ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಹೊಸದಕ್ಕೆ ಬಂದೆ. 8 ವಾರದ ಲೆಕ್ಕ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ.

ಬರೀ ಮಾಂಸ, ಗೆಣಸು ತಿಂದು ನಾಯಿ ಬಹಳ ಕಾಲ ಇರಲಾಗದು. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಡಾಕ್ಟ್ರು ತೂಕ ನೋಡಿ, ರುಚಿ ಸೇರಿಸದ ಕ್ಯಾಲ್ಸಿಯಂ ಕಾರ್ಬೊನೇಟ್ ಅಳತೆ ಬರೆದುಕೊಟ್ಟರು. ಮರಿಗಳಿಗಂತೂ ಮನೆಯಲ್ಲೇ ಅಂದಾಜಿಗೆ ಇದನ್ನು ಮಾಡಬೇಡಿ, ಬೆಳೆಯುವ ಮೂಳೆ ಕೆಡುತ್ತದೆ.

ನಿಜವಾದ ಕಷ್ಟ ಬಟ್ಟಲಿನ ಹೊರಗೆ. ಅಮ್ಮ ಸಂಜೆ ಚಹಾಕ್ಕೆ ಕೂತರೆ ಅರ್ಧ ಬಿಸ್ಕತ್ತು ಅವನಿಗೆ ಅನ್ನುವುದು ಮನೆಯ ಪದ್ಧತಿ. ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಮೇಲಿಂದ ಮೀನಿನ ತಲೆ ಹಾಕುತ್ತಿದ್ದರು. ಅವರಿಗೆ ಹೋಗಿ ಹೇಳಿದೆ: "ಅಕ್ಕಾ, ಸ್ವಲ್ಪ ದಿನ ಏನೂ ಹಾಕಬೇಡಿ, ಅವನಿಗೆ ಪಥ್ಯ." ಪಥ್ಯ ಅಂದದ್ದೇ ಕೆಲಸ ಮಾಡಿತು. ಅಲರ್ಜಿ ಅಂದಿದ್ದರೆ "ಇಷ್ಟೇ ಇಷ್ಟು ಕೊಟ್ಟರೆ ಏನಾಗುತ್ತದೆ" ಅನ್ನುತ್ತಿದ್ದರು. ಅಮ್ಮನ ಕೈಗೆ ಬೇಯಿಸಿದ ಗೆಣಸಿನ ಚೂರುಗಳ ಡಬ್ಬಿ ಕೊಟ್ಟೆ. ಚಹಾದ ಹೊತ್ತಿಗೆ ಕೊಡಲು ಏನೋ ಒಂದು ಬೇಕಿತ್ತು ಅವರಿಗೆ, ಅಷ್ಟೆ.

ಔಷಧಿಗಳ ಕಡೆಗೂ ಕಣ್ಣಿಡಬೇಕು. ಜಗಿಯುವ ಜಂತುಹುಳುವಿನ ಮಾತ್ರೆಗೆ ಮಾಂಸದ ರುಚಿ ಸೇರಿಸಿರುತ್ತಾರೆ. ಮೀನೆಣ್ಣೆಯ ಕ್ಯಾಪ್ಸೂಲಿನ ಹೊರಕವಚ ಜಿಲಾಟಿನ್, ಅದು ದನದ್ದೂ ಇರಬಹುದು. ಚಿಗಟದ ಮಾತ್ರೆಗೂ ರುಚಿ ಇರುತ್ತದೆ, ಆದ್ದರಿಂದ ಆ ಕಾಲದಲ್ಲಿ ಬೆನ್ನಿಗೆ ಹಾಕುವ ಹನಿ ಬಳಸಿದೆವು. ಜಗಿಯುವ ಚರ್ಮದ ಮೂಳೆ, ನಾಯಿಯ ಟೂತ್‌ಪೇಸ್ಟ್ ಎಲ್ಲಾ ಬೀರುವಿನೊಳಗೆ.

ಚೀಲದ ಆಹಾರಕ್ಕೆ ಮರಳುವ ದಿನಕ್ಕಾಗಿ ಅಂಗಡಿಯಲ್ಲಿ ನಿಂತು ಲೇಬಲ್ ಓದುವುದನ್ನೂ ಕಲಿತೆ. ಎದುರಿಗೆ ದಪ್ಪಕ್ಷರದಲ್ಲಿ "ಕುರಿ ಮತ್ತು ಅಕ್ಕಿ". ಹಿಂದೆ ಸಣ್ಣಕ್ಷರದಲ್ಲಿ ಕೋಳಿ ಪುಡಿ, ಕೋಳಿ ಕೊಬ್ಬು, ಕೋಳಿ ಯಕೃತ್ತಿನ ರುಚಿಕಾರಕ. ಎದುರುಗಡೆ ಏನಿದೆ ಅಂತ ಈಗ ನಾನು ನೋಡುವುದೇ ಇಲ್ಲ. "ಧಾನ್ಯರಹಿತ" ಅನ್ನುವುದನ್ನೂ ಅಲರ್ಜಿಗೆ ಮದ್ದು ಅಂತ ಮಾರುತ್ತಾರೆ. ಅಕ್ಕಿಗೆ ಅಲರ್ಜಿ ಇರುವ ನಾಯಿಗಳು ಬಹಳ ಕಡಿಮೆ. ಅದೂ ಅಲ್ಲದೆ, ಬಟಾಣಿ, ಬೇಳೆ ಜಾಸ್ತಿ ಹಾಕಿದ ಇಂಥ ಆಹಾರಕ್ಕೂ ನಾಯಿಗಳ ಒಂದು ಹೃದಯ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತ್ತು. ಸಂಬಂಧ ಖಚಿತವಾಗಿಲ್ಲ. ಆದರೂ ಕಾರಣವಿಲ್ಲದೆ ಅನ್ನ ಬಿಡಿಸುವುದು ಯಾಕೆ?

ದಿನಾ ರಾತ್ರಿ ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯುತ್ತಿದ್ದೆ. ಇದು ಡಾಕ್ಟ್ರು ಹೇಳಿಕೊಟ್ಟದ್ದು, ಬಹಳ ಉಪಯೋಗಕ್ಕೆ ಬಂತು. ಮನಸ್ಸು ನೆನ್ನೆಯದನ್ನು ಮರೆಯುತ್ತದೆ, ಕ್ಯಾಲೆಂಡರ್ ಮರೆಯುವುದಿಲ್ಲ. ಮೊದಮೊದಲು ಏಳು, ಎಂಟರ ಸುತ್ತವೇ ಇತ್ತು. ಮೊದಲು ಸರಿಯಾದದ್ದು ಹೊಟ್ಟೆ, ಮಲ ಗಟ್ಟಿಯಾಯಿತು. ಕಿವಿ ಆಮೇಲೆ. ಕಾಲು ನೆಕ್ಕುವುದು ಎಲ್ಲಕ್ಕಿಂತ ನಿಧಾನ. ಪರೀಕ್ಷೆ ಮುಗಿಯುವ ಹೊತ್ತಿಗೆ ಅಂಕ ಮೂರಕ್ಕೆ ಇಳಿದಿತ್ತು.

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆದರೆ ಸುಧಾರಿಸಿದ್ದು ಊಟದಿಂದಲೋ, ಶಾಂಪೂವಿನಿಂದಲೋ ಅಂತ ತಿಳಿಯಬೇಕಾದರೆ ಹಳೆಯದನ್ನು ಮತ್ತೆ ತಿನ್ನಿಸಿ ನೋಡಬೇಕು. ಒಂದು ಸಲಕ್ಕೆ ಒಂದೇ ಪದಾರ್ಥ, ಎರಡು ವಾರದವರೆಗೆ ಕಾಯುವುದು. ಅಲರ್ಜಿ ಇದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಗೊತ್ತಾಗುತ್ತದೆ. ಚೆನ್ನಾಗಿರುವ ನಾಯಿಗೆ ಬೇಕಂತಲೇ ತುರಿಕೆ ತರಿಸುವುದು ಯಾರಿಗೂ ಇಷ್ಟವಾಗದ ಕೆಲಸ, ಅಮ್ಮನಂತೂ ಎರಡು ದಿನ ಮಾತು ಬಿಟ್ಟರು. ಬೇಯಿಸಿದ ಕೋಳಿ ಕೊಟ್ಟ ವಾರದಲ್ಲೇ ಕಿವಿ ಕೆಂಪಾಯಿತು, ಪಾದ ನೆಕ್ಕುವುದು ಶುರುವಾಯಿತು. ನಿಲ್ಲಿಸಿದೆವು, ಇಳಿಯಿತು. ಆಮೇಲೆ ಅಕ್ಕಿ ಕೊಟ್ಟೆವು, ಏನೂ ಇಲ್ಲ. ಬಂಗುಡೆ, ಏನೂ ಇಲ್ಲ. ಹಾಲಿಗೆ ಮಲ ಸಡಿಲವಾಯಿತು, ಚರ್ಮಕ್ಕೆ ಏನೂ ಆಗಲಿಲ್ಲ. ಅದು ಅಲರ್ಜಿಗಿಂತ ಹಾಲಿನಲ್ಲಿರುವ ಸಕ್ಕರೆ, ಲ್ಯಾಕ್ಟೋಸ್, ಜೀರ್ಣವಾಗದ್ದು ಇರಬೇಕು ಅಂದರು ಡಾಕ್ಟ್ರು. ಹೇಗೂ ಹಾಲು ನಿಂತಿತು.

ಈಗ ಅವನದ್ದು ಕೋಳಿಯ ಹೆಸರೇ ಇಲ್ಲದ, ಮೀನಿನ ಒಣ ಆಹಾರ. ವಾರಕ್ಕೆರಡು ಸಲ ಮೇಲೆ ಮುಳ್ಳು ಬಿಡಿಸಿದ ಬಂಗುಡೆ. ಹೊಸ ಚೀಲ ತಂದಾಗೆಲ್ಲಾ ಅದರ ಹಿಂಬದಿಯ ಪಟ್ಟಿ ಮತ್ತೆ ಓದುತ್ತೇನೆ, ಕಂಪನಿಗಳು ಹೇಳದೆ ಪದಾರ್ಥ ಬದಲಿಸುವುದುಂಟು. ತುರಿಕೆ ಸೊನ್ನೆಗೆ ಬಂದಿಲ್ಲ. ಮಳೆಗಾಲದಲ್ಲಿ ಏರುತ್ತದೆ, ಅದು ಧೂಳಿನ ನುಸಿಯದ್ದು ಅಂತ ಡಾಕ್ಟ್ರ ಅಭಿಪ್ರಾಯ. ಒಂದೇ ನಾಯಿಗೆ ಎರಡೂ ಬಗೆಯ ಅಲರ್ಜಿ ಇರುವುದು ಅಪರೂಪವೇನಲ್ಲ. ಆಗ ಸ್ವಲ್ಪ ದಿನ ಮಾತ್ರೆ, ಶಾಂಪೂ, ಅವನ ಹಾಸಿಗೆ ಬಟ್ಟೆಗೆ ಬಿಸಿನೀರು.

ಮೊಟ್ಟೆಯ ಪರೀಕ್ಷೆ ಇನ್ನೂ ಬಾಕಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮಾಡಬೇಕು. ಮಳೆಯಲ್ಲಿ ಮಾಡಿದರೆ ಕೆರೆತ ನುಸಿಯದ್ದೋ ಮೊಟ್ಟೆಯದ್ದೋ ಗೊತ್ತಾಗುವುದಿಲ್ಲ.