ನಾಲೆ ನೀರು ನಿಂತಾಗ: ಕೈಬಲೆಯಲ್ಲಿ ಸಣ್ಣ ಮೀನು

ಮಂಡ್ಯದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವ ಕಾಲದಲ್ಲಿ, ನೀರು ನಿಂತ ಎರಡನೇ ಇಲ್ಲವೇ ಮೂರನೇ ದಿನ ನಾವು ಮನೆಮಂದಿಯೆಲ್ಲ ಬಲೆ ಎತ್ತಿಕೊಳ್ಳುತ್ತೇವೆ. ಮೊದಲ ದಿನ ನೀರು ಹೆಚ್ಚು, ಮೀನು ಚದುರಿರುತ್ತದೆ. ಇನ್ನೂ ತಡ ಮಾಡಿದರೆ ಕೊಕ್ಕರೆಗಳ ಪಾಲು. ದೊಡ್ಡ ನಾಲೆಗೆ ಮಾತ್ರ ಯಾರೂ ಇಳಿಯುವುದಿಲ್ಲ. ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಮೇಲೆ ಹತ್ತಲು ಹಿಡಿತವೇ ಸಿಗದು. ಗದ್ದೆ ಬಯಲಿನ ಸಣ್ಣ ಕಾಲುವೆ, ಬಸಿಗಾಲುವೆ, ತೂಬಿನ ಕೆಳಗಿನ ಗುಂಡಿ ಸಾಕು. ನೀರು ಮಕ್ಕಳ ಮೊಣಕಾಲು ದಾಟಬಾರದು.

ಬಲೆ ಮನೆಯಲ್ಲೇ ಮಾಡಿದ್ದು. 6 ಎಂ.ಎಂ. ಕಂಬಿಯನ್ನು ಬಿಲ್ಲಿನಂತೆ ಬಗ್ಗಿಸಿ, ಕೆಳಗಿನ ಅಂಚನ್ನು ನೇರ ಬಿಡಬೇಕು. ಅಗಲ ಎರಡೂವರೆ ಅಡಿ. ಪೂರ್ತಿ ದುಂಡಗಿದ್ದರೆ ನೆಲಕ್ಕೆ ಒಂದೇ ಕಡೆ ತಾಗಿ, ಎರಡು ಬದಿಯ ಸಂದಿಯಲ್ಲಿ ಮೀನು ನುಸುಳಿಬಿಡುತ್ತದೆ. ಹಿಡಿಗೆ ನಾಲ್ಕಡಿ ಬಿದಿರು. ಚೀಲದ ಆಳ ಒಂದೂವರೆ ಅಡಿ. ಕಡಿಮೆಯಾದರೆ ಮೀನು ನೆಗೆಯುತ್ತದೆ, ಜಾಸ್ತಿಯಾದರೆ ಬಲೆ ತಿರುಚಿಕೊಳ್ಳುತ್ತದೆ. ನೆಲ ಉಜ್ಜುವ ಅಂಚು ಬೇಗ ಹರಿಯುವುದರಿಂದ ಹಳೇ ಡ್ರಿಪ್ ಪೈಪು ಸೀಳಿ ಅದರ ಮೇಲೆ ಹೊದಿಸಿ ದಾರ ಸುತ್ತುತ್ತೇವೆ. ಬಲೆಯ ಕಣ್ಣು ಕಿರುಬೆರಳ ತುದಿ ತೂರುವಷ್ಟಿರಲಿ. ಸೊಳ್ಳೆ ಪರದೆ ಕಟ್ಟುವವರಿದ್ದಾರೆ, ದಯವಿಟ್ಟು ಬೇಡ. ಅದರಲ್ಲಿ ನೀರು ಬೇಗ ಸೋರದೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಆ ತಳ್ಳಾಟಕ್ಕೇ ಮೀನು ಪಕ್ಕಕ್ಕೆ ಸರಿಯುತ್ತದೆ. ಮೇಲಾಗಿ ಮುಂದಿನ ಸಲಕ್ಕೆ ಉಳಿಯಬೇಕಾದ ಮರಿಯನ್ನೂ ಬಾಚುತ್ತದೆ.

ಬಲೆ ಹಿಡಿದವನಿಗಿಂತ ಬಗ್ಗಡ ಮಾಡುವವರ ಕೆಲಸವೇ ಹೆಚ್ಚು. ನೀರು ಸ್ವಲ್ಪ ಹರಿಯುತ್ತಿದ್ದರೆ ನನ್ನ ತಮ್ಮ ಕೆಳಗಡೆ ಬಲೆಯ ನೇರ ಅಂಚನ್ನು ಕೆಸರಿಗೆ ಒತ್ತಿ, ಬಾಯನ್ನು ನೀರು ಬರುವ ಕಡೆಗೆ ತೆರೆದು ಅಲುಗದೆ ನಿಲ್ಲುತ್ತಾನೆ. ಅಕ್ಕನ ಮಕ್ಕಳಿಬ್ಬರು ಹತ್ತು ಹೆಜ್ಜೆ ಮೇಲಿನಿಂದ, ಎರಡೂ ದಡ ಹಿಡಿದು, ಹುಲ್ಲಿನ ಬುಡ ತುಳಿಯುತ್ತಾ ಬರುತ್ತಾರೆ. ನಡುನೀರಲ್ಲಿ ಬಂದರೆ ಮೀನು ದಡದ ಬೇರಿಗೆ ಹೋಗಿ ಅಡಗುತ್ತದೆ, ಬಲೆ ಬರಿದಾಗುತ್ತದೆ. ಕೊನೆಯ ಎರಡು ಹೆಜ್ಜೆ ಜೋರಾಗಿ ತುಳಿದು, ಕಾಲು ಬಲೆಯ ಬಾಯಿಗೆ ಬಂದ ಕ್ಷಣಕ್ಕೆ ಮೊದಲು ಮುಂದಿನ ಅಂಚು ಎತ್ತಬೇಕು, ಆಮೇಲೆ ಬಿದಿರಿನ ಹಿಡಿಯನ್ನು. ಹಿಡಿಯನ್ನು ಮೊದಲೆತ್ತಿದರೆ ಚೀಲ ಮುಂದಕ್ಕೆ ಮಗುಚಿ ಎಲ್ಲವೂ ವಾಪಸು. ಎತ್ತಿದಾಗ ಮೊದಲು ಕಾಣುವುದು ಕೊಳೆತ ಎಲೆ, ಪಾಚಿ. ನೀರು ಸೋರುತ್ತಿದ್ದಂತೆ ಅದರೊಳಗೆ ಪಕ್ಕೆ ಎಂಬ ಸಣ್ಣ ಮೀನು ಬೆಳ್ಳಗೆ ಪಟಪಟ ಬಡಿಯುತ್ತದೆ.

ನಿಂತ ಗುಂಡಿಯಾದರೆ ಚೆನ್ನಾಗಿ ಕದಡಿ ತುಸು ಕಾಯುತ್ತೇವೆ. ಕೆಸರಿಗೆ ಉಸಿರು ಕಟ್ಟಿ ಮೀನು ಮೇಲೆ ಬಾಯಿ ಬಿಡುತ್ತದೆ, ಆಗ ಅಡಿಯಿಂದ ಗೋರಬೇಕು.

ಬಲೆಯೊಳಗೆ ಬರಿಗೈ ಹಾಕುವ ಮುಂಚೆ ಕಡ್ಡಿಯಿಂದ ಕೆದಕಿ. ಗಿರ್ಲು ಎಂಬ ಮೀಸೆಯ ಮೀನಿಗೆ ಬೆನ್ನ ಮೇಲೂ ಎರಡು ಪಕ್ಕದಲ್ಲೂ ಮುಳ್ಳುಂಟು; ಚೇಳು ಮೀನಿನ ಮುಳ್ಳಲ್ಲಿ ವಿಷವಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಅರ್ಧ ಗಂಟೆ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ. ಬಾವು ಏರಿದರೆ ಆಸ್ಪತ್ರೆಗೇ ಹೋಗಬೇಕು. ನೀರಿನ ಮೇಲೆ ಕೆಂಪನೆಯ ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಕೊರವ ಮೀನುಗಳು ಕಾವಲಿರುತ್ತವೆ. ಅಲ್ಲಿಗೆ ಬಲೆ ಹಾಕುವುದಿಲ್ಲ, ಕಾವಲು ತಪ್ಪಿದ ಮರಿ ಉಳಿಯದು. ಗದ್ದೆಗೆ ಔಷಧಿ ಹೊಡೆದ ವಾರದಲ್ಲಿ ಬಸಿಗಾಲುವೆ ಮೀನು ಮುಟ್ಟಲೇಬಾರದು.

ಮೀನನ್ನು ಒದ್ದೆ ಗೋಣಿ ಹೊದಿಸಿದ ಬಕೆಟ್ಟಿನಲ್ಲಿ ತಂದು ಕೂಡಲೇ ತೊಳೆಯಬೇಕು, ಸಣ್ಣ ಮೀನಿನ ಹೊಟ್ಟೆ ಬೇಗ ಒಡೆಯುತ್ತದೆ. ಅವ್ವ ಕಲ್ಲುಪ್ಪು, ಬೂದಿ ಹಾಕಿ ಒರಟು ಕಲ್ಲಿನ ಮೇಲೆ ಉಜ್ಜುತ್ತಾಳೆ. ಹುರುಪೆ, ಲೋಳೆ ಎರಡೂ ಹೋಗುತ್ತವೆ. ಹೊಟ್ಟೆ ಹಿಚುಕಿ ಕರುಳು ತೆಗೆಯದಿದ್ದರೆ ಸಾರು ಕಹಿ. ಹುಣಸೆಹುಳಿ ಖಾರ ಚೆನ್ನಾಗಿ ಕುದಿದ ಮೇಲೆ ಮೀನು ಬಿಟ್ಟು ಎಂಟು ಹತ್ತು ನಿಮಿಷ, ಸೌಟು ಹಾಕದೆ ಮಡಕೆಯನ್ನೇ ಅಲುಗಿಸಿ ಇಳಿಸುತ್ತಾಳೆ.