ಹುತ್ತದ ಮಣ್ಣಿನಲ್ಲಿ ಆಫ್ರಿಕನ್ ಎಬೊನಿ: ನನ್ನ ಅನುಭವ

ಹೆಸರಘಟ್ಟದ ಹತ್ತಿರ ಇರುವ ನಮ್ಮ ಸಣ್ಣ ಜಾಗದಲ್ಲಿ ಆಫ್ರಿಕನ್ ಎಬೊನಿ ಗಿಡಗಳು ಈಗ ನನ್ನ ತಲೆ ದಾಟಿವೆ. ಏಳೆಂಟು ಗಿಡಗಳಿವೆ, ಎಲ್ಲಕ್ಕಿಂತ ಎತ್ತರದ್ದು ಎಂಟಡಿ ಹತ್ತಿರ ಇದೆ. "ಬೆಂಗಳೂರಲ್ಲಿ ಇದು ಆಗಲ್ಲ ಬಿಡಿ ಸಾರ್" ಅಂದವರು ಬಹಳ ಜನ. ನರ್ಸರಿಯವರು ಅಂದರು, ಗಿಡ ಸಂಗ್ರಹಿಸುವ ಗೆಳೆಯರೂ ಅಂದರು. ಹೋದ ಮಳೆಗಾಲದಲ್ಲಿ ಅದೇ ಗೆಳೆಯರು ಬಂದು ಕಾಂಡ ಮುಟ್ಟಿ ನೋಡಿ, ಹೇಗೆ ಮಾಡಿದೆ ಅಂತ ಬರೆದುಕೊಡು ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ನೆರಳು ಬಲೆ, ಗೊಬ್ಬರ ಇದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ಯಾವ ಮರ ಅನ್ನುವುದು ಸ್ಪಷ್ಟವಾಗಲಿ, ಯಾಕೆಂದರೆ ನನ್ನ ದುಡ್ಡು ಮೊದಲು ಹೋಗಿದ್ದು ಅಲ್ಲೇ. ಆಫ್ರಿಕನ್ ಎಬೊನಿ ಅನ್ನುವ ಹೆಸರಲ್ಲಿ ಕನಿಷ್ಠ ಮೂರು ಮರ ಇವೆ. ಕ್ಯಾಮರೂನ್, ಗ್ಯಾಬೊನ್ ಕಡೆಯ ಡಯೋಸ್ಪೈರಸ್ ಕ್ರಾಸಿಫ್ಲೋರಾ ಒಂದು. ಗಿಟಾರಿನ ಫಿಂಗರ್‌ಬೋರ್ಡಿಗೆ, ಅಂದರೆ ತಂತಿ ಒತ್ತುವ ಪಟ್ಟಿಗೆ, ಹೋಗುವ ಕಡುಗಪ್ಪು ಮರ ಅದು. ಕ್ಲಾರಿನೆಟ್, ಓಬೋ ಥರದ ಊದುವ ವಾದ್ಯ ಮಾಡುವ ಎಂಪಿಂಗೊ ಇನ್ನೊಂದು. ಅದು ನಮ್ಮ ಬೀಟೆಯ ಕುಲದ್ದು, ಟಾಂಜಾನಿಯಾದ ರಾಷ್ಟ್ರೀಯ ಮರ. ನಾನು ಬೆಳೆದಿರುವುದು ಮೂರನೆಯದು, ಡಯೋಸ್ಪೈರಸ್ ಮೆಸ್ಪಿಲಿಫಾರ್ಮಿಸ್. ಜಾಕಲ್‌ಬೆರಿ ಅಂತಲೂ ಕರೆಯುತ್ತಾರೆ. ಪಶ್ಚಿಮದ ಸೆನೆಗಲ್‌ನಿಂದ ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನವರೆಗೂ ಸಿಗುವ ಮರ. ನಮ್ಮ ಕರಿಮರ, ಬೀಡಿ ಎಲೆ ಬರುವ ತೂಬರೆ, ಅಂಗಡಿಯಲ್ಲಿ ಸಿಗುವ ಪರ್ಸಿಮನ್ ಹಣ್ಣು, ಎಲ್ಲ ಇದರ ದಾಯಾದಿಗಳೇ.

ಒಂದು ನರ್ಸರಿಯಲ್ಲಿ ಆಫ್ರಿಕನ್ ಎಬೊನಿ ಅಂತ ನಂಬಿ ಎರಡು ಗಿಡಕ್ಕೆ ಮೂರು ಸಾವಿರದ ಮೇಲೆ ಕೊಟ್ಟೆ. ಬೆಳೆದ ಮೇಲೆ ಬುಡದ ಹತ್ತಿರ ಮುಳ್ಳು ಕಾಣಿಸಿತು. ನಮ್ಮಮ್ಮ ಊರಲ್ಲಿ ಬೆಳೆದವರು, ನೋಡಿದ ತಕ್ಷಣ "ಇದು ಜಗಳಗಂಟಿ ಅಲ್ವೇನೋ, ಇದರ ಸೌದೇನ ನಾವು ಒಲೆಗೂ ಇಡ್ತಿರಲಿಲ್ಲ" ಅಂದರು. ನಿಜವೇ ಆಗಿತ್ತು. ಜಗಳಗಂಟಿಯೂ ಡಯೋಸ್ಪೈರಸ್ ಕುಲದ್ದೇ, ಒಳ್ಳೆ ಮರವೇ, ಆದರೆ ನಮ್ಮ ಗುಡ್ಡಗಳಲ್ಲಿ ಸುಮ್ನೆ ಸಿಗುವ ಗಿಡಕ್ಕೆ ಯಾಕೆ ಅಷ್ಟು ದುಡ್ಡು? ಒಂದೇ ಕಡ್ಡಿಯಲ್ಲಿ ಸಾಲಾಗಿ ಪುಟ್ಟ ಎಲೆಗಳು ಹುಣಸೆ, ಬೀಟೆ ಥರ ಇದ್ದರೆ ಅದು ಎಂಪಿಂಗೊ ಇರಬಹುದು, ಜಾಕಲ್‌ಬೆರಿ ಅಂತೂ ಅಲ್ಲ. ಎಲೆ ಬಿಡಿಬಿಡಿಯಾಗಿದ್ದು ಕಾಂಡದಲ್ಲಿ ಮುಳ್ಳಿದ್ದರೆ ಜಗಳಗಂಟಿ ಅಂತ ಅನುಮಾನ ಪಡಿ.

ಆಮೇಲೆ ಬೀಜಕ್ಕೇ ಹೋದೆ. ಹಣ್ಣಿನ ಗಿಡ ಸಂಗ್ರಹಿಸುವ ಗೆಳೆಯರೊಬ್ಬರು ಪರ್ಮಿಟ್, ಫೈಟೊಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲ ಅನ್ನುವ ಪತ್ರ) ಎಲ್ಲ ಮಾಡಿಸಿ ತರಿಸಿದ್ದರಲ್ಲಿ ನನಗೂ ಪಾಲು ಸಿಕ್ಕಿತು. ಖರ್ಚೆಲ್ಲ ಸೇರಿ ಒಂದು ಬೀಜಕ್ಕೆ ಅರವತ್ತೋ ಎಪ್ಪತ್ತೋ ಬಿತ್ತು. ಬೀಜ ಮೊಳೆಸುವುದು ಕಷ್ಟವೇ ಅಲ್ಲ. ಬಿಸಿ ನೀರು ಹಾಕಿ ಹಾಗೇ ಆರಲು ಬಿಟ್ಟು ಒಂದು ದಿನ ನೆನೆಸಿದರೆ ಮೂರರಿಂದ ಆರು ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಏಳುತ್ತವೆ. ಎರಡನೇ ದಿನ ನಾನು ಇನ್ನೊಂದರಲ್ಲಿ ನೆನೆಸುತ್ತೇನೆ, ಅದರಿಂದ ಮುಕ್ಕಾಲು ಪಾಲು ಎದ್ದವು. ಅದೇನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತೊಂದರೆ ಶುರುವಾಗುವುದು ಮೊಳಕೆ ಎದ್ದ ಮೇಲೆ. ಮೊಳಕೆ ಬೀಜವನ್ನು ತಲೆ ಮೇಲೆ ಟೋಪಿ ಥರ ಹೊತ್ತುಕೊಂಡೇ ಮೇಲೆ ಬರುತ್ತದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಗಾಳಿ ಒಣ, ಸಿಪ್ಪೆ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಒಳಗಿನ ಎಲೆ ಬಿಡಿಸಿಕೊಳ್ಳಲಾಗದೆ ಕೊಳೆಯುತ್ತದೆ. ಉಗುರಲ್ಲಿ ಕಿತ್ತರೆ ತಲೆಯೇ ಮುರಿದು ಬರುತ್ತದೆ. ನಾನು ಮಾಡುವುದು ಇಷ್ಟು: ಸಂಜೆ ಒದ್ದೆ ಹತ್ತಿಯನ್ನು ಬೀಜದ ಸುತ್ತ ಸುತ್ತುತ್ತೇನೆ, ಮೇಲೆ ಒಂದು ಲೋಟ ಬೋರಲು ಹಾಕುತ್ತೇನೆ. ಬೆಳಿಗ್ಗೆ ಸಿಪ್ಪೆ ಮೆತ್ತಗಾಗಿರುತ್ತದೆ. ಹುಬ್ಬು ಕೀಳುವ ಚಿಮಟದಲ್ಲಿ ಅಂಚು ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆದರೆ ಜಾರಿ ಬರುತ್ತದೆ. ಬರದಿದ್ದರೆ ಬಿಟ್ಟುಬಿಡಿ, ಇನ್ನೊಂದು ರಾತ್ರಿ ಹತ್ತಿ ಸುತ್ತಿ.

ಮೊದಲ ಬ್ಯಾಚು ಪೂರ್ತಿ ಗ್ರೋ ಬ್ಯಾಗಿನಲ್ಲಿತ್ತು. ಎಲ್ಲರೂ ಹೇಳುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮಿಶ್ರಣ. ಮೂರು ತಿಂಗಳು ಚೆನ್ನಾಗಿದ್ದವು. ಆಮೇಲೆ ಒಂದೊಂದೇ ನಿಂತುಬಿಟ್ಟವು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಬಿಚ್ಚಿ ನೋಡಿದರೆ ಗಿಡ ಅರ್ಧ ಗೇಣು, ತಾಯಿಬೇರು ಬ್ಯಾಗಿನ ತಳಕ್ಕೆ ಹೋಗಿ ಸುತ್ತು ಹಾಕಿಕೊಂಡಿತ್ತು. ಬೇರು ಪೂರ್ತಿ ಕಪ್ಪಗಿತ್ತು. ಜೊತೆಗಿದ್ದ ಗೆಳೆಯರು ಕೊಳೆತಿದೆ ಅಂದರು. ಕೊಳೆತಿರಲಿಲ್ಲ. ಈ ಕುಲದ ಬೇರಿನ ಬಣ್ಣವೇ ಕಪ್ಪು, ಉಗುರಲ್ಲಿ ಕೆರೆದರೆ ಒಳಗೆ ಜೀವ ಕಾಣುತ್ತದೆ. ಕಪ್ಪು ಬೇರು ನೋಡಿ ಎಸೆಯಬೇಡಿ. ಅವನ್ನು ದೊಡ್ಡ ಬ್ಯಾಗಿಗೆ ಬದಲಾಯಿಸಿದರೂ ಉಳಿದದ್ದು ಒಂದೆರಡು. ತಾಯಿಬೇರು ಒಮ್ಮೆ ಮುರಿದರೆ ಈ ಗಿಡ ಕ್ಷಮಿಸುವುದಿಲ್ಲ. ಆ ಬ್ಯಾಚಿಗೆ ಬೀಜ, ಬ್ಯಾಗು, ಮಿಶ್ರಣ ಸೇರಿ ಎಂಟು ಸಾವಿರದ ಆಸುಪಾಸು ಹೋಯಿತು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಮೊದಲ ಎರಡು ವರ್ಷ ನಾವು ಬೆಳೆಸಬೇಕಾದ್ದು ಗಿಡವನ್ನಲ್ಲ, ಬೇರನ್ನು. ನಾಲ್ಕಿಂಚಿನ ಪಿವಿಸಿ ಪೈಪು ತಂದು ಎರಡೂವರೆ ಅಡಿಗೆ ಒಂದರಂತೆ ಕತ್ತರಿಸಿದೆ. ಹೊಸ ಪೈಪಾದರೆ ಆಗ ತುಂಡಿಗೆ ನೂರೈವತ್ತರ ಹತ್ತಿರ ಬೀಳುತ್ತಿತ್ತು, ನಾನು ಗುಜರಿಯಿಂದ ಕಾಲು ಬೆಲೆಗೆ ತಂದೆ. ಪ್ರತಿ ತುಂಡನ್ನೂ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ, ಮತ್ತೆ ಜೋಡಿಸಿ ಕೇಬಲ್ ಟೈ ಬಿಗಿದೆ. ತಳಕ್ಕೆ ಸೊಳ್ಳೆ ಜಾಲರಿ. ಇಟ್ಟಿಗೆ ಮೇಲೆ ಕಬ್ಬಿಣದ ಜಾಲಿ ಇಟ್ಟು ಅದರ ಮೇಲೆ ಪೈಪುಗಳನ್ನು ನಿಲ್ಲಿಸಿದೆ. ಕೆಳಗೆ ಗಾಳಿ ಆಡಬೇಕು. ಬೇರಿನ ತುದಿ ಗಾಳಿಗೆ ಬಂದರೆ ತಾನೇ ನಿಲ್ಲುತ್ತದೆ, ಸುತ್ತು ಹಾಕುವುದಿಲ್ಲ.

ಇನ್ನು ಮಣ್ಣು. ಎಲ್ಲರೂ ತಲೆ ಅಲ್ಲಾಡಿಸಿದ್ದು ಇದಕ್ಕೇ. ಆಫ್ರಿಕಾದಲ್ಲಿ ಈ ಮರ ಗೆದ್ದಲಿನ ಹುತ್ತದ ಮೇಲೆ ಬೆಳೆಯುವುದು ತುಂಬ ಸಾಮಾನ್ಯ. ಗೆದ್ದಲು ಆಳದಿಂದ ಜೇಡಿಮಣ್ಣು, ಖನಿಜ ಎಲ್ಲ ಮೇಲಕ್ಕೆ ತರುತ್ತದೆ, ಮಣ್ಣು ಸಡಿಲ ಮಾಡುತ್ತದೆ, ತೇವ ಹಿಡಿಯುತ್ತದೆ. ಹಾಗಾದರೆ ನಮ್ಮಲ್ಲೂ ಹುತ್ತ ಇದೆಯಲ್ಲ ಅನ್ನಿಸಿತು. ಪೂಜೆ ಮಾಡುವ ಹುತ್ತ ಮುಟ್ಟುವ ಮಾತೇ ಇಲ್ಲ, ಗೆದ್ದಲು ಇರುವ ಹುತ್ತವನ್ನೂ ಒಡೆಯಬಾರದು, ಹಾವು ಇರುತ್ತದೆ. ಹೊಸ ಲೇಔಟಿಗೆ ಅಂತ ಜೆಸಿಬಿ ಮಟ್ಟ ಮಾಡಿದ ಜಾಗದಲ್ಲಿ ಒಡೆದು ಬಿದ್ದಿದ್ದ ಹಳೇ ಹುತ್ತದ ಮಣ್ಣನ್ನು ಮೂಟೆ ಕಟ್ಟಿ ತಂದೆ. ವಾರಗಟ್ಟಲೆ ಬಿಸಿಲಿಗೆ ಹರಡಿ ಪುಡಿ ಮಾಡಿದೆ. "ಗೆದ್ದಲು ಗಿಡಾನೇ ತಿಂದುಹಾಕುತ್ತೆ" ಅಂತ ಒಬ್ಬರು ನೇರವಾಗಿ ಹೇಳಿದರು. ಇವತ್ತಿನವರೆಗೂ ಒಂದು ಗಿಡವನ್ನೂ ತಿಂದಿಲ್ಲ.

ಮಿಶ್ರಣ ಸುಮಾರಾಗಿ ಹೀಗೆ: ಎರಡು ಪಾಲು ಹುತ್ತದ ಮಣ್ಣು, ಎರಡು ಪಾಲು ಕೆಂಪು ಮಣ್ಣು, ಒಂದೂವರೆ ಪಾಲು ದಪ್ಪ ಎಂ-ಸ್ಯಾಂಡ್, ಅರ್ಧ ಪಾಲು ಹಳೇ ಎಲೆಗೊಬ್ಬರ. ಕೋಕೋಪೀಟ್ ಬೇಡವೇ ಬೇಡ. ಜೊತೆಗೆ ಒಂದು ಹಿಡಿ ಇನ್ನೊಂದು ಸೇರುತ್ತದೆ, ಅದನ್ನು ಗಿಡ ಒಯ್ಯುವವರಿಗೆ ಮಾತ್ರ ಹೇಳುತ್ತೇನೆ. ಹೋಲಿಸಿ ನೋಡೋಣ ಅಂತ ಐದಾರು ಪೈಪಿಗೆ ಹುತ್ತದ ಮಣ್ಣು ಹಾಕದೆ ಬರೀ ಕೆಂಪು ಮಣ್ಣು ಹಾಕಿದ್ದೆ. ಒಂದು ವರ್ಷಕ್ಕೆ ಅವು ಅರ್ಧ ಗೇಣು, ಇವು ಒಂದು ಗೇಣು ದಾಟಿದ್ದವು. ಎಲೆಯ ಬಣ್ಣದಲ್ಲೇ ವ್ಯತ್ಯಾಸ ಗೊತ್ತಾಗುತ್ತಿತ್ತು.

ಶತ್ರುವಾಗಿ ಬಂದದ್ದು ಗೆದ್ದಲಲ್ಲ, ಬಸವನಹುಳು. ಬೆಂಗಳೂರಿನ ಮಳೆಗಾಲದಲ್ಲಿ ಕಾಂಪೌಂಡಿನ ಮೇಲೆಲ್ಲ ಹರಿದಾಡುತ್ತವಲ್ಲ, ಆ ದೊಡ್ಡ ಜಾತಿ. ಅದೂ ಆಫ್ರಿಕಾದ್ದೇ. ಒಂದೇ ರಾತ್ರಿಗೆ ನಾಲ್ಕೈದು ಮೊಳಕೆ ನುಣ್ಣಗೆ ಕತ್ತರಿಸಿದ್ದವು. ಪೈಪಿನ ಬಾಯಿಗೆ ಎರಡಿಂಚು ತಾಮ್ರದ ಟೇಪ್ ಸುತ್ತಿದ ಮೇಲೆ ಒಂದೂ ಹತ್ತಿಲ್ಲ. ಟೇಪು ದುಬಾರಿ, ಹಾಗಂತ ಉಪ್ಪು ಸುರಿಯಲು ಹೋಗಬೇಡಿ, ಉಪ್ಪು ಮಣ್ಣಿಗೆ ಇಳಿದರೆ ಗಿಡಕ್ಕೇ ಕೆಟ್ಟದ್ದು.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ ನೀರು ಹಾಕಿದ ಪೈಪುಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯ ತುದಿ ಸುಟ್ಟ ಹಾಗಾಯಿತು. ಟೆರೇಸಿನ ಮಳೆನೀರು ಡ್ರಮ್ಮಿಗೆ ಹಿಡಿದು ಅದನ್ನೇ ಹಾಕತೊಡಗಿದ ಮೇಲೆ ಸರಿಹೋಯಿತು.

ಎರಡನೇ ಮುಂಗಾರು ಮುಗಿಯುವ ಹೊತ್ತಿಗೆ ಗಿಡ ಮೊಣಕಾಲೆತ್ತರ ಬಂದಿತ್ತು. ಆಗ ನೆಲಕ್ಕೆ ಹಾಕಿದೆ, 2021ರಲ್ಲಿ. ಮೂರಡಿ ಅಗಲದ ಗುಂಡಿ ತೋಡಲಿಲ್ಲ. ಕಂಬ ನೆಡಲು ಬಳಸುವ ಗುಂಡಿ ಮಷಿನ್ ಬಾಡಿಗೆಗೆ ತಂದು ಮೂರೂವರೆ ಅಡಿ ಆಳಕ್ಕೆ ಕೊರೆಸಿದೆ. ತಳಕ್ಕೆ ಒಂದಡಿ ಹುತ್ತದ ಮಣ್ಣು. ಪೈಪನ್ನು ಹಾಗೇ ಇಳಿಸಿ, ಮೇಲಿನ ಕೇಬಲ್ ಟೈ ಕತ್ತರಿಸಿ, ಕೈ ಒಳಗೆ ಬಿಟ್ಟು ಕೆಳಗಿನದನ್ನೂ ಕತ್ತರಿಸಿ, ಎರಡು ಹೋಳನ್ನೂ ಒಂದೊಂದಾಗಿ ಮೇಲಕ್ಕೆ ಎಳೆದೆವು. ಬೇರಿನ ಸುತ್ತ ಮಣ್ಣು ಅಲುಗಲೇ ಇಲ್ಲ. ನೆಟ್ಟ ಯಾವ ಗಿಡವೂ ಬಾಡಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಆ ವರ್ಷ ನವೆಂಬರಿನವರೆಗೂ ಸುರಿದ ಮಳೆಯೂ ಕೈ ಹಿಡಿಯಿತು.

ನಿಜವಾದ ಪರೀಕ್ಷೆ 2024ರ ಬೇಸಿಗೆ. ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಏಪ್ರಿಲ್ ಕೊನೆಗೆ ಉಷ್ಣಾಂಶ 38 ಡಿಗ್ರಿ ದಾಟಿತು. ನಮ್ಮ ಜಾಗದ ಬೋರು ಬತ್ತಿತು. ಟ್ಯಾಂಕರಿಗೇ ಹತ್ತು ಸಾವಿರದ ಮೇಲೆ ಸುರಿದೆ, ಅದರಲ್ಲಿ ಮಾವು, ಹಲಸು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಎಬೊನಿಗೆ ಹದಿನೈದು ದಿನಕ್ಕೊಮ್ಮೆ ಒಂದು ಬಿಂದಿಗೆ, ಅಷ್ಟೇ. ಒಂದಷ್ಟು ಎಲೆ ಉದುರಿಸಿದವು, ಮೇ ಮಳೆ ಬಿದ್ದ ವಾರದೊಳಗೆ ಕೆಂಪು ಚಿಗುರು ಬಿಟ್ಟವು. ಪಕ್ಕದ ತೋಟದವರು ಹೆಸರು ಕೇಳಿ ಬರೆದುಕೊಂಡು ಹೋದದ್ದು ಆಗಲೇ.

ಆಫ್ರಿಕಾದ ಮರ ಇಲ್ಲಿ ಬರಲ್ಲ ಅನ್ನುವವರು ನಮ್ಮ ರಸ್ತೆಗಳನ್ನೇ ನೋಡಲಿ. ಕೆಂಪಗೆ ಹೂ ಬಿಡುವ ನೀರುಕಾಯಿ ಮರ, ಉದ್ದನೆಯ ಕಾಯಿ ನೇತಾಡುವ ಮರಸೌತೆ, ಎರಡೂ ಅಲ್ಲಿಂದ ಬಂದವೇ. ಎಳೇ ಜಾಕಲ್‌ಬೆರಿಗೆ ಆಗದಿರುವುದು ಹಿಮ. ಬೆಂಗಳೂರಿನ ಚಳಿ ಹಿಮದ ಹತ್ತಿರಕ್ಕೂ ಹೋಗುವುದಿಲ್ಲ.

ಮಧ್ಯದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ತೂಬರೆಯ ಬುಡಕ್ಕೆ ಇದರ ಕಡ್ಡಿ ಕಸಿ ಕಟ್ಟಿದರೆ ಬೇಗ ಬರಬಹುದೇ ಅಂತ. ಹತ್ತಾರು ಕಟ್ಟಿದೆ, ಒಂದೇ ಒಂದು ಹಿಡಿಯಿತು, ಒಂದು ಮಳೆಗಾಲ ಚಿಗುರಿತು, ಗಾಳಿಗೆ ಕಸಿಯ ಜಾಗದಲ್ಲೇ ಮುರಿಯಿತು. ಪರ್ಸಿಮನ್ ಕಡ್ಡಿಯನ್ನು ಇದರ ಬುಡಕ್ಕೆ ಕಟ್ಟುವ ಆಸೆ ಇನ್ನೂ ಇದೆ. ಯಾರಾದರೂ ಮಾಡಿದ್ದರೆ ತಿಳಿಸಿ.

ಬಂದವರೆಲ್ಲ ಕೇಳುವುದು ಒಂದೇ: ಟನ್ನಿಗೆ ಎಷ್ಟು ಲಕ್ಷ? ಆ ಲೆಕ್ಕ ಇಟ್ಟುಕೊಂಡು ಬರಬೇಡಿ. ಇದರ ತಿರುಳು ಹೆಚ್ಚಾಗಿ ಕಂದು ಬಣ್ಣದ್ದು, ಕಡುಗಪ್ಪಲ್ಲ. ಅಲ್ಲಿನ ಜನ ದೋಣಿ, ಒರಳು, ಒನಕೆ ಮಾಡುವ ಗಟ್ಟಿ ಮರ. ಅಷ್ಟು ದಪ್ಪ ಆಗುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ. ನನಗೆ ಬೇಕಿರುವುದು ಹಣ್ಣು ಮತ್ತು ನೆರಳು. ಹಣ್ಣು ಎರಡು, ಎರಡೂವರೆ ಸೆಂಟಿಮೀಟರ್ ಇರುತ್ತದೆ, ಸಿಹಿ. ಒಣಗಿಸಿಯೂ ಇಡುತ್ತಾರೆ, ಬಿಯರ್ ಕೂಡ ಮಾಡುತ್ತಾರೆ. ಆದರೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೂ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೇ ನಾನು ಒಂದೊಂದು ಕಡೆ ಎರಡು ಮೂರು ಗಿಡ ಹತ್ತಿರ ಹತ್ತಿರ ಹಾಕಿದ್ದೇನೆ. ಗಂಡು ಜಾಸ್ತಿ ಬಂದರೆ ಆಮೇಲೆ ತೆಗೆದರಾಯಿತು.

ಹೋದದ್ದು ಬಂದದ್ದು ಎಲ್ಲ ಸೇರಿ ಇಲ್ಲಿಯವರೆಗೆ ನಲವತ್ತು ಸಾವಿರ ಆಗಿರಬಹುದು. ಮೊದಲೇ ಪೈಪಿನ ದಾರಿ ಹಿಡಿಯುವವರಿಗೆ ಹತ್ತು ಸಾವಿರದೊಳಗೆ ಮುಗಿಯುತ್ತದೆ. ಈ ಸಲ ಟೆರೇಸಿನ ಮೇಲೆ ಮೂರಡಿ ಪೈಪಿನಲ್ಲಿ ಹೊಸ ಬ್ಯಾಚ್ ಹಾಕಿದ್ದೇನೆ, ಅರ್ಧ ಅಡಿ ಹೆಚ್ಚಿಗೆ ಕೊಟ್ಟರೆ ಎಷ್ಟು ಲಾಭ ಅಂತ ನೋಡಬೇಕು. ಬರುವ ಮುಂಗಾರಿಗೆ ಹತ್ತು ಹನ್ನೆರಡು ಗಿಡ ಕೊಡುವ ಹಾಗಿರುತ್ತವೆ. ನೆಲ ಇರುವವರಿಗೆ ಮಾತ್ರ, ಕುಂಡದಲ್ಲಿ ಇಡುತ್ತೇನೆ ಅನ್ನುವವರಿಗೆ ಇಲ್ಲ. ಒಂಟಿ ಗಿಡ ಕೊಡಲ್ಲ, ಕನಿಷ್ಠ ಮೂರು ಒಯ್ಯಬೇಕು. ಗುಂಡಿ ಮೊದಲೇ ಕೊರೆಸಿಟ್ಟು ಬನ್ನಿ, ಪೈಪು ವಾಪಸ್ ತಂದುಕೊಡಿ.