ಜೀವನಾಂಶದ ವಾರಂಟ್ ಠಾಣೆಯಲ್ಲೇ ಉಳಿದರೆ ಏನು ಮಾಡಬೇಕು?

ಮಗುವಿಗೆ ತಿಂಗಳಿಗೆ ಇಷ್ಟು ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಆದೇಶ ಮಾಡಿರುತ್ತದೆ. ಅಪ್ಪ ಕೊಡುವುದಿಲ್ಲ. ಕೋರ್ಟು ವಾರಂಟ್ ಹೊರಡಿಸುತ್ತದೆ. ‘ಆಸಾಮಿ ಪತ್ತೆಯಾಗಿಲ್ಲ’ ಎಂಬ ಷರಾದೊಂದಿಗೆ ಅದು ಠಾಣೆಯಿಂದ ವಾಪಸ್ ಬರುತ್ತದೆ. ಮುಂದಿನ ದಿನಾಂಕಕ್ಕೆ ಇನ್ನೊಂದು ವಾರಂಟ್, ಮತ್ತದೇ ಷರಾ. ಕೇಸು ಗೆದ್ದ ಎಷ್ಟೋ ತಾಯಂದಿರು ಕೈಚೆಲ್ಲುವುದು ಇಲ್ಲಿಯೇ.

ಮೊದಲು ಕಾಗದ ಜೋಡಿಸಿಕೊಳ್ಳಿ: ಆದೇಶದ ದೃಢೀಕೃತ ನಕಲು, ತಿಂಗಳುವಾರು ಬಾಕಿಯ ಪಟ್ಟಿ, ಪಾಸ್‌ಬುಕ್ ಪ್ರತಿ.

ಆಮೇಲೆ ಬಾಕಿ ವಸೂಲಿಯ ಅರ್ಜಿ. ಹಿಂದೆ ಇದು ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125(3) ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144(3). ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ಕಲಮಿನಡಿ ವಾರಂಟ್ ಸಿಗದು. ‘ಮುಂದಿನ ತಿಂಗಳು ಒಟ್ಟಿಗೆ ಕೊಡ್ತೀನಿ’ ಎಂಬ ಮಾತಿಗೆ ಕಾಯಲೇಬೇಡಿ. ಮೂರು ತಿಂಗಳು ಬಾಕಿಯಾಯಿತೋ, ಅರ್ಜಿ ಹಾಕಿ. ಆತ ಬೇರೆ ಊರಲ್ಲಿದ್ದರೆ 147ನೇ ಕಲಮಿನಂತೆ ಅಲ್ಲಿನ ಕೋರ್ಟಿನಲ್ಲೂ ಆದೇಶ ಜಾರಿ ಮಾಡಿಸಬಹುದು.

ಇನ್ನು ವಾರಂಟ್. ಮದುವೆಯ ಕಾಲದ ವಿಳಾಸವನ್ನೇ ಬರೆದುಕೊಟ್ಟರೆ ಪೊಲೀಸರಿಗೆ ಸುಲಭದ ನೆಪ ಸಿಕ್ಕಂತೆ. ಆತ ಈಗ ಮಲಗುವ ಮನೆ, ಕೆಲಸದ ಜಾಗ, ಮೊಬೈಲ್ ನಂಬರ್, ವಾಹನದ ನಂಬರ್, ಬ್ಯಾಂಕ್ ಶಾಖೆ, ಹೆಸರಿನಲ್ಲಿರುವ ಜಮೀನಿನ ಪಹಣಿ ಎಲ್ಲವನ್ನೂ ಮೆಮೊ ಮಾಡಿ ಕೋರ್ಟಿಗೆ ಕೊಡಿ. ವಾರಂಟ್ ವಾಪಸ್ ಬಂದ ದಿನವೇ ಠಾಣೆಯ ವರದಿಯ ನಕಲು ಕೇಳಿ. ಯಾವ ದಿನ ಹೋಗಿದ್ದರು, ಯಾರನ್ನು ವಿಚಾರಿಸಿದರು ಎಂಬುದು ಅದರಲ್ಲಿಲ್ಲದಿದ್ದರೆ, ಇನ್‌ಸ್ಪೆಕ್ಟರ್ ಖುದ್ದು ಹಾಜರಾಗಿ ವಿವರಣೆ ಕೊಡಲಿ, ಮುಂದಿನ ವಾರಂಟ್ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್ ಮೂಲಕ ಹೋಗಲಿ ಎಂದು ಲಿಖಿತ ಅರ್ಜಿ ಹಾಕಿ. ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಬಾರದೇ ಹೋಗಬಹುದು. ಎಸ್‌ಪಿ ಕಚೇರಿಗೂ ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಾರಂಟ್ ಮೇಲೆ ಏನು ಕ್ರಮವಾಯಿತೆಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ಹೈಕೋರ್ಟಿಗೆ ಹೋಗುವಾಗ ಆ ಉತ್ತರ ಬಹಳ ಕೆಲಸಕ್ಕೆ ಬರುತ್ತದೆ.

ಠಾಣೆಯಲ್ಲಿ ಕೂರಿಸಿ ‘ಅರ್ಧ ತಗೊಂಡು ಮುಗಿಸಮ್ಮ’ ಎಂದರೆ ಸಹಿ ಹಾಕಬೇಡಿ. ಕೋರ್ಟು ನಿಗದಿ ಮಾಡಿದ ಮೊತ್ತವನ್ನು ಇಳಿಸುವ ಅಧಿಕಾರ ಠಾಣೆಗಿಲ್ಲ. ಕೋರ್ಟಿನ ಆಚೆ ಮಾರುವ ರೆಡಿಮೇಡ್ ಅರ್ಜಿ ನಮೂನೆಗಳೂ ಬೇಡ. ಹಲವುಗಳಲ್ಲಿ ಇನ್ನೂ ಹಳೆಯ ಕಲಮುಗಳೇ ಇವೆ.

ಆತನಿಗೆ ಸಂಬಳದ ನೌಕರಿ ಇದ್ದರೆ ಬಂಧನದ ವಾರಂಟಿನ ಹಿಂದೆ ಓಡುವುದಕ್ಕಿಂತ ಸಂಬಳ ಜಪ್ತಿಯೇ ಮೇಲು. ರಜನೇಶ್–ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆ, ಅಂದರೆ ಹಣದ ದಾವೆಯ ತೀರ್ಪಿನಂತೆ ಜಾರಿ ಮಾಡಬಹುದು ಎಂದಿದೆ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ಜಪ್ತಿಯಿಂದ ರಕ್ಷಣೆ. ಆದೇಶ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಆಗಿದ್ದರೆ, 20(6)ರ ಪ್ರಕಾರ ಆತ ಕೆಲಸ ಮಾಡುವ ಕಡೆಯ ಮಾಲೀಕರೇ ನೇರವಾಗಿ ನಿಮಗೆ ಕೊಡುವಂತೆ ಆದೇಶ ಪಡೆಯಬಹುದು. ಜಮೀನಿದ್ದರೆ ಕಂದಾಯ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ವಾರಂಟ್ ಕೇಳಿ. ‘ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ’ ಎಂಬ ವಾದ ನಿಲ್ಲದು. ಸೆರೆವಾಸ ವಸೂಲಿಯ ದಾರಿಯೇ ಹೊರತು ಅದರಿಂದ ಬಾಕಿ ತೀರುವುದಿಲ್ಲವೆಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇಷ್ಟಾದರೂ ಪೊಲೀಸರಾಗಲಿ ತಹಶೀಲ್ದಾರರಾಗಲಿ ಕದಲದಿದ್ದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ, ಆದೇಶ ಪಾಲಿಸುವಂತೆ ನಿರ್ದೇಶನ ಕೇಳಿ. ಲೋಕಾಯುಕ್ತಕ್ಕೂ ದೂರು ಕೊಡಬಹುದು, ಆದರೆ ಅದರಿಂದ ಮಗುವಿನ ಹಣ ಕೈಗೆ ಬರುವುದಿಲ್ಲ. ಹಾಗಾಗಿ ರಿಟ್ ಮೊದಲಾಗಲಿ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಲು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಅವಕಾಶವಿದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.